ದುರ್ಗಸೀಮೆಯ ಪ್ರೇಕ್ಷಕ ಮತ್ತು ಚಲನಚಿತ್ರದ ರಸಾಸ್ವಾದ: ಭೀಮಸಮುದ್ರದ ನೆಲೆಯಿಂದ ‘ನಾಗರಹಾವು’ ಕುರಿತ ಒಂದು ಅವಲೋಕನ

ಚಿತ್ರದುರ್ಗ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ, ಜಿಲ್ಲಾ ಕೇಂದ್ರದಿಂದ ಸುಮಾರು 25 ಕಿ.ಮೀ. ದೂರದಲ್ಲಿರುವ ಭೀಮಸಮುದ್ರವು ತನ್ನ ವಿಶಾಲವಾದ ಕೆರೆಯಿಂದಲೂ ಅಡಿಕೆ ತೋಟಗಳಿಂದಲೂ ಹೆಸರಾದ ಗ್ರಾಮ. ಮಳೆಯ ಕೊರತೆಯನ್ನೇ ಉಂಡು ಬೆಳೆದ ಈ ಜಿಲ್ಲೆಯಲ್ಲಿ ಭೀಮಸಮುದ್ರ ಹಾಗೂ ನೆರೆಯ ಹೊಳಲ್ಕೆರೆ ಸೀಮೆ ಹಸಿರಿನ ತುಂಡುಗಳಂತೆ ಉಳಿದುಬಂದಿವೆ. ಅಡಿಕೆ ವ್ಯಾಪಾರದ ಮೂಲಕ ಹೊರನಾಡಿನ ಸಂಪರ್ಕವನ್ನು ಬಹುಕಾಲದಿಂದ ಇರಿಸಿಕೊಂಡಿರುವ ಈ ಊರಿನ ಜನ ಕಚೇರಿ, ಕಾಲೇಜು, ಆಸ್ಪತ್ರೆಗಳಿಗೆಂದು ದುರ್ಗಕ್ಕೆ ಹೋಗಿ ಬರುವುದು ನಿತ್ಯದ ಸಂಗತಿ. ಆದ್ದರಿಂದ ದುರ್ಗದ ಕೋಟೆ ಇವರಿಗೆ ಪ್ರವಾಸದ ತಾಣವಲ್ಲ. ಬಸ್ಸು ಊರನ್ನು ಸಮೀಪಿಸಿತೆಂಬುದಕ್ಕೆ ದೂರದಿಂದ ಕಾಣುವ ಗುರುತು.

ಕನ್ನಡ ಚಲನಚಿತ್ರ ಚರಿತ್ರೆಯನ್ನು ಕುರಿತು ಈವರೆಗೆ ನಡೆದಿರುವ ಕೆಲಸವು ಬಹುಮಟ್ಟಿಗೆ ನಿರ್ಮಾಪಕರ, ನಿರ್ದೇಶಕರ ಮತ್ತು ನಟರ ಚರಿತ್ರೆ. ನೋಡಿದವರ ಚರಿತ್ರೆಯನ್ನು ಬರೆಯುವ ಪ್ರಯತ್ನಗಳು ವಿರಳ. ಅದಕ್ಕೆ ಕಾರಣವೂ ಇದೆ. ಚಿತ್ರ ತೆಗೆದವನು ಸುರುಳಿಯನ್ನು ಬಿಟ್ಟುಹೋಗುತ್ತಾನೆ, ವಿಮರ್ಶಕನು ಲೇಖನವನ್ನು ಬಿಟ್ಟುಹೋಗುತ್ತಾನೆ. ನೆಲದ ಮೇಲೆ ಕುಳಿತು ನೋಡಿದವನು ಹರಿದ ಟಿಕೆಟ್ಟನ್ನೂ ಉಳಿಸಿಹೋಗುವುದಿಲ್ಲ. ಆದರೂ ಒಂದೇ ಚಿತ್ರ ಒಬ್ಬನಿಗೆ ಏಕೆ ಹಿಡಿಸುತ್ತದೆ, ಮತ್ತೊಬ್ಬನಿಗೆ ಏಕೆ ಹಿಡಿಸುವುದಿಲ್ಲ ಎಂಬುದು ಚರಿತ್ರೆಯ ಪ್ರಶ್ನೆಯೂ ಹೌದು. ಯಾವ ಕಾಲದ, ಯಾವ ಸೀಮೆಯ, ಯಾವ ನೆನಪುಗಳನ್ನು ಹೊತ್ತ ಮನುಷ್ಯ ನೋಡಿದ ಎಂಬುದನ್ನು ಬಿಟ್ಟು ಅದಕ್ಕೆ ಉತ್ತರ ದೊರೆಯದು. ದುರ್ಗದ ಲೇಖಕರೊಬ್ಬರ ಕಾದಂಬರಿಗಳನ್ನು ಆಧರಿಸಿ, ದುರ್ಗದಲ್ಲಿಯೇ ಚಿತ್ರಿತವಾಗಿ, 1972ರ ಕೊನೆಯಲ್ಲಿ ತೆರೆಕಂಡ ‘ನಾಗರಹಾವು’ ಈ ಪ್ರಶ್ನೆಯ ಪರಿಶೀಲನೆಗೆ ಅತ್ಯಂತ ಸೂಕ್ತವಾದ ನಿದರ್ಶನವೆಂದು ಭಾವಿಸಿ ಪ್ರಸ್ತುತ ಪ್ರಬಂಧದಲ್ಲಿ ಅದನ್ನು ಎತ್ತಿಕೊಳ್ಳಲಾಗಿದೆ.

ಪ್ರೇಕ್ಷಕರ ಅಭಿರುಚಿಭೇದವನ್ನು ಆಧುನಿಕ ಕಾಲದವರು ಕಂಡುಹಿಡಿದದ್ದೇನೂ ಅಲ್ಲ. ಭರತನ ನಾಟ್ಯಶಾಸ್ತ್ರವು ಪ್ರಯೋಗದ ಸಿದ್ಧಿಯನ್ನು ಚರ್ಚಿಸುವ ಅಧ್ಯಾಯದಲ್ಲಿ ಈ ವಿಷಯವನ್ನು ಸಾಕಷ್ಟು ವಿವರವಾಗಿಯೇ ಎತ್ತುತ್ತದೆ. ತರುಣರು ಶೃಂಗಾರದಲ್ಲಿ, ವಿದ್ವಾಂಸರು ಸಿದ್ಧಾಂತದ ಮಾತಿನಲ್ಲಿ, ಅರ್ಥಾಸಕ್ತರು ಅರ್ಥದ ಪ್ರಸಂಗದಲ್ಲಿ, ವಿರಾಗಿಗಳು ಮೋಕ್ಷದ ವಿಷಯದಲ್ಲಿ, ಶೂರರು ಯುದ್ಧ–ರೌದ್ರಗಳಲ್ಲಿ, ವೃದ್ಧರು ಪುರಾಣಕಥೆಗಳಲ್ಲಿ ಸಂತೋಷಪಡುತ್ತಾರೆ ಎಂಬುದು ಅಲ್ಲಿಯ ಅಭಿಪ್ರಾಯದ ಸಾರ. ಸ್ತ್ರೀಯರನ್ನೂ ಮಕ್ಕಳನ್ನೂ ಹಾಸ್ಯ ಮತ್ತು ವೇಷಭೂಷಣಗಳಿಗೆ ಮೀಸಲಿಡುವ ಮಾತೂ ಅಲ್ಲಿದೆ. ಅದನ್ನು ಇಂದು ಯಾರೂ ಒಪ್ಪಲಾರರು, ಮುಂದೆ ನೋಡಲಿರುವಂತೆ ‘ನಾಗರಹಾವು’ ಕೂಡ ಒಪ್ಪುವುದಿಲ್ಲ. ಆದರೆ ಪ್ರೇಕ್ಷಕನಿಗೆ ಬೇಕಾದ ಎಲ್ಲ ಗುಣಗಳೂ ಒಬ್ಬನಲ್ಲಿಯೇ ಇರಲಾರವೆಂಬ ಭರತನ ಒಪ್ಪಿಗೆ ಗಮನಾರ್ಹವಾದುದು. ಭಿನ್ನರುಚಿಯ ಜನರೆಲ್ಲರನ್ನೂ ನಾಟ್ಯವೊಂದೇ ತಣಿಸುತ್ತದೆಂದು ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದಲ್ಲಿ ಹೇಳಿಸುವಾಗಲೂ ಹಿಂದಿರುವುದು ಇದೇ ತಿಳಿವಳಿಕೆ.

ಇದಕ್ಕಿಂತ ಸೂಕ್ಷ್ಮವಾದ ವಿಚಾರ ಅಭಿನವಗುಪ್ತನದು. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅವನು ಹೇಳುತ್ತಾನೆ. ಅವುಗಳಲ್ಲಿ ಮೊದಲ ಮೂರು ಇಲ್ಲಿಯ ಚರ್ಚೆಗೆ ಪ್ರಸ್ತುತ. ಕಣ್ಣೆದುರಿನ ಸಂಗತಿ ಸಂಭವನೀಯವೆಂದು ತೋರದಿರುವುದು ಒಂದು. ‘ಇದು ನನ್ನದು, ಇದು ಅವನದು’ ಎಂಬ ಭಾವದಿಂದ ಗೊತ್ತಾದ ದೇಶಕಾಲಗಳಿಗೆ ಅಂಟಿಕೊಳ್ಳುವುದು ಎರಡನೆಯದು. ತನ್ನ ಸ್ವಂತ ಸುಖದುಃಖಗಳಲ್ಲಿ ಪರವಶನಾಗಿರುವುದು ಮೂರನೆಯದು. ಮೂರನೆಯದಕ್ಕೆ ಅವನು ಸೂಚಿಸುವ ಪರಿಹಾರ ಗೀತ, ವಾದ್ಯ, ರಂಗಮಂಟಪದ ಸೊಬಗು ಮುಂತಾದವು. ಅಡಿಕೆಯ ಧಾರಣೆ ಕುಸಿದ ದಿನ ಚಿತ್ರಮಂದಿರಕ್ಕೆ ಬಂದು ಕುಳಿತ ಭೀಮಸಮುದ್ರದ ಬೆಳೆಗಾರನನ್ನು ಕಲ್ಪಿಸಿಕೊಂಡರೆ, ಭಾರತೀಯ ಚಿತ್ರಗಳಲ್ಲಿ ಹಾಡುಗಳೇಕೆ ಎಂಬ ಹಳೆಯ ಆಕ್ಷೇಪಕ್ಕೆ ಕಾಶ್ಮೀರದ ಈ ಆಚಾರ್ಯನು ಸಾವಿರ ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾನೆಂದು ತೋರದಿರದು. ಆದರೆ ಎರಡನೆಯ ವಿಘ್ನದ ವಿಷಯದಲ್ಲಿ ದುರ್ಗಸೀಮೆಯ ಪ್ರೇಕ್ಷಕನ ಅನುಭವ ಶಾಸ್ತ್ರಕ್ಕೆ ಎದುರಾಗಿ ನಿಲ್ಲುತ್ತದೆ. ‘ಇದು ನಮ್ಮ ಊರು’ ಎಂಬ ಭಾವ ಇಲ್ಲಿ ರಸಕ್ಕೆ ಅಡ್ಡಿಯಾಗಲಿಲ್ಲ. ರಸದ ಬಾಗಿಲನ್ನು ತೆರೆದದ್ದೇ ಅದು. ಈ ಪ್ರಬಂಧದ ಮುಖ್ಯ ಪ್ರತಿಪಾದನೆ ಇದೇ ಆಗಿದೆ.

ಭೀಮಸಮುದ್ರದಂತಹ ಊರುಗಳ ಜನಕ್ಕೆ ಸಿನಿಮಾ ದೊರೆಯುತ್ತಿದ್ದ ಬಗೆಯನ್ನು ಮೊದಲು ತಿಳಿಯಬೇಕು. 1960–70ರ ದಶಕಗಳಲ್ಲಿ ಅದಕ್ಕೆ ಎರಡು ದಾರಿಗಳಿದ್ದವು. ದುರ್ಗಕ್ಕೋ, 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ದಾವಣಗೆರೆಗೋ ಹೋಗಿ ಕಾಯಂ ಚಿತ್ರಮಂದಿರದಲ್ಲಿ ನೋಡುವುದು ಒಂದು; ಸುತ್ತಿನ ದೊಡ್ಡ ಊರುಗಳಲ್ಲಿ ಕೆಲವು ತಿಂಗಳು ಬೀಡುಬಿಡುತ್ತಿದ್ದ ಟೂರಿಂಗ್ ಟಾಕೀಸಿನಲ್ಲಿ ನೋಡುವುದು ಇನ್ನೊಂದು. 1964ರ ಸಿನಿಮಾ ನಿಯಂತ್ರಣ ಕಾಯಿದೆಯಡಿ ಪರವಾನಗಿ ಪಡೆದು ನಡೆಯುತ್ತಿದ್ದ ಈ ಡೇರೆಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಒಂದೇ ಪ್ರಕ್ಷೇಪಕ ಯಂತ್ರ. ಆದ್ದರಿಂದ ಸುರುಳಿ ಬದಲಾಯಿಸಿದಾಗಲೆಲ್ಲ ಬಿಡುವು. ಸಂಜೆ ಧ್ವನಿವರ್ಧಕದಲ್ಲಿ ತಿರುಪತಿ ತಿಮ್ಮಪ್ಪನ ಸ್ತುತಿಗೀತೆ ಕೇಳಿತೆಂದರೆ ಟಿಕೆಟ್ ಕೊಡಲು ಆರಂಭವಾಯಿತೆಂದು ಅರ್ಥ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಹೊಸ ಚಿತ್ರವೊಂದು ನಗರದಿಂದ ಡೇರೆಯವರೆಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಅದರ ಹಾಡುಗಳು ರೇಡಿಯೊ ಮೂಲಕ ಬಾಯಿಪಾಠವಾಗಿ, ಕಥೆಯನ್ನು ನಗರದಲ್ಲಿ ನೋಡಿಬಂದವರು ಹೊಲ–ತೋಟಗಳ ಕೆಲಸದ ನಡುವೆ ಹೇಳಿ ಮುಗಿಸಿರುತ್ತಿದ್ದರು. ಹೀಗಾಗಿ ಗ್ರಾಮೀಣ ಪ್ರೇಕ್ಷಕನು ಕಥೆಯ ಕುತೂಹಲಕ್ಕಾಗಿ ಚಿತ್ರ ನೋಡುತ್ತಿದ್ದನೆಂಬುದು ಪೂರ್ಣ ಸತ್ಯವಲ್ಲ. ಬಯಲಾಟದ ಪ್ರಸಂಗವನ್ನು ಅಂತ್ಯ ಗೊತ್ತಿದ್ದೂ ಬೆಳಗಿನವರೆಗೆ ಕುಳಿತು ನೋಡುತ್ತಿದ್ದ ಜನ ಇವರು. ಮುಂದೇನಾಗುವುದೆಂಬುದು ಇವರಿಗೆ ಗೊತ್ತು. ಹೇಗೆ ಆಗುವುದೆಂಬುದನ್ನು ನೋಡಲು ಬಂದವರು.

ಈ ಪ್ರೇಕ್ಷಕರ ಎದುರಿಗೆ ಬಂದ ‘ನಾಗರಹಾವು’ ಚಿತ್ರದ ವಿವರಗಳು ಸರ್ವವಿದಿತ. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರ (ತ.ರಾ.ಸು., 1920–1984) ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಎಸ್.ಆರ್. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ, ಎನ್. ವೀರಾಸ್ವಾಮಿಯವರು ಶ್ರೀ ಈಶ್ವರಿ ಪ್ರೊಡಕ್ಷನ್ಸ್ ಮೂಲಕ ನಿರ್ಮಿಸಿದ ವರ್ಣಚಿತ್ರವಿದು. ವಿಜಯಭಾಸ್ಕರ್ ಸಂಗೀತ, ಚಿಟ್ಟಿಬಾಬು ಛಾಯಾಗ್ರಹಣ. ರಾಮಾಚಾರಿಯಾಗಿ ವಿಷ್ಣುವರ್ಧನ್, ಅಲಮೇಲುವಾಗಿ ಆರತಿ, ಮಾರ್ಗರೆಟ್ ಆಗಿ ಶುಭಾ, ಚಾಮಯ್ಯ ಮೇಷ್ಟರಾಗಿ ಕೆ.ಎಸ್. ಅಶ್ವಥ್, ಅವರ ಪತ್ನಿ ತುಂಗಾ ಆಗಿ ಲೀಲಾವತಿ. ಜಲೀಲನ ಪಾತ್ರದಲ್ಲಿ ಅಂಬರೀಷ್ ಮೊದಲ ಬಾರಿಗೆ ತೆರೆಗೆ ಬಂದರು. ಪುಟ್ಟಣ್ಣನವರು ಅದಕ್ಕೂ ಮೊದಲು ‘ಬೆಳ್ಳಿಮೋಡ’ (1967), ‘ಗೆಜ್ಜೆಪೂಜೆ’ (1969), ‘ಶರಪಂಜರ’ (1971) ಚಿತ್ರಗಳ ಮೂಲಕ ಕಾದಂಬರಿ ಓದುವ ವರ್ಗವನ್ನು, ಅದರಲ್ಲಿಯೂ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಓದುಗರಾದ ಮಹಿಳೆಯರನ್ನು ಚಿತ್ರಮಂದಿರಕ್ಕೆ ಕರೆತಂದಿದ್ದರು. ‘ನಾಗರಹಾವು’ ಆ ವರ್ಗದ ಜೊತೆಗೆ ಕಾದಂಬರಿ ಓದದ ಬಹುದೊಡ್ಡ ಸಮೂಹವನ್ನೂ ಸೇರಿಸಿತು.

ಇವರಲ್ಲಿ ಅತೃಪ್ತನಾಗಿ ಹೊರಬಂದ ಮೊದಲ ಪ್ರೇಕ್ಷಕನೆಂದರೆ ಮೂಲ ಲೇಖಕನೇ ಎನ್ನಬೇಕು. ತಮ್ಮ ನಾಗರಹಾವನ್ನು ಕೇರೆಹಾವಾಗಿ ಮಾಡಲಾಗಿದೆಯೆಂದು ತ.ರಾ.ಸು. ಬೇಸರಿಸಿದರೆಂಬುದು ಕನ್ನಡ ಚಿತ್ರರಂಗದಲ್ಲಿ ವ್ಯಾಪಕವಾಗಿ ಪ್ರಚಲಿತವಿರುವ ಮಾತು. ಇದನ್ನು ಲೇಖಕರ ಸಹಜ ಅಸಹನೆಯೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ‘ದುರ್ಗಾಸ್ತಮಾನ’ದವರೆಗೆ ದುರ್ಗದ ಚರಿತ್ರೆಯನ್ನು ಕಾದಂಬರಿಯ ವಸ್ತುವಾಗಿಸಿದ ಆ ಲೇಖಕನಿಗೆ ರಾಮಾಚಾರಿ ಆ ನೆಲದ ಒರಟುತನವೇ ಮೈತಳೆದ ಹುಡುಗ. ಮೂರು ಕಾದಂಬರಿಗಳ ಹರಹಿನಲ್ಲಿ ನಿಧಾನವಾಗಿ ವಿಷವೇರುವ ಮನಸ್ಸನ್ನು ಮೂರು ಗಂಟೆಗಳಲ್ಲಿ, ಹಾಡುಗಳ ನಡುವೆ ತೋರಿಸಬೇಕಾದಾಗ ಆ ವಿಷದ ಬಹುಪಾಲು ನಟನ ಕಣ್ಣಿಗೆ, ಮೈಯ ಬಾಗುಬಳುಕಿಗೆ ಇಳಿಯಿತು. ಓದಿದವನು ರಾಮಾಚಾರಿಯ ಮನಸ್ಸಿನೊಳಗೆ ಕುಳಿತಿದ್ದ. ನೋಡಿದವನು ಅವನ ಎದುರಿಗೆ ಕುಳಿತ. ಎದುರಿಗೆ ಕುಳಿತವನಿಗೆ ಆ ಕೋಪ ಚೆಲುವಾಗಿ ಕಂಡಿತು. ಲೇಖಕನಿಗೆ ನಷ್ಟವಾಗಿ ಕಂಡದ್ದೂ ತರುಣ ಪ್ರೇಕ್ಷಕನಿಗೆ ಲಾಭವಾಗಿ ಕಂಡದ್ದೂ ಒಂದೇ ವಸ್ತು. ಕಾದಂಬರಿಯ ನಿಷ್ಠೆಯನ್ನು ಅಳತೆಗೋಲಾಗಿ ಹಿಡಿದ ಅಂದಿನ ಓದುಗವರ್ಗದ ಆಕ್ಷೇಪಕ್ಕೂ ಹಾಡಿನ ಚರಣಗಳನ್ನು ಗುನುಗಿಕೊಂಡು ಡೇರೆಯಿಂದ ಹೊರಬಂದವನ ಸಂತೋಷಕ್ಕೂ ನಡುವೆ ತೀರ್ಪು ಕೊಡುವುದು ಚರಿತ್ರಕಾರನ ಕೆಲಸವಲ್ಲ. ಆದರೂ ಒಂದು ಮಾತನ್ನು ಹೇಳಬಹುದು: ಚಿತ್ರ ನೋಡಿದ ಮೇಲೆ ಕಾದಂಬರಿಯನ್ನು ತೆರೆದ ಓದುಗನು ಚಿತ್ರದ ರಾಮಾಚಾರಿಯ ಮುಖವನ್ನು ಬಿಟ್ಟು ಓದಲಾರ. ಅಷ್ಟರಮಟ್ಟಿಗೆ ಸೋತವನು ಲೇಖಕನೇ.

ದುರ್ಗಸೀಮೆಯ ಪ್ರೇಕ್ಷಕನ ಸ್ಥಿತಿ ಈ ಎರಡಕ್ಕಿಂತ ಭಿನ್ನವಾದುದು. ಮೈಸೂರಿನ ಅಥವಾ ಧಾರವಾಡದ ಪ್ರೇಕ್ಷಕನಿಗೆ ತೆರೆಯ ಮೇಲಿನ ಬಂಡೆಗಳು ರಾಮಾಚಾರಿಯ ಸ್ವಭಾವಕ್ಕೆ ಒಪ್ಪುವ ಹಿನ್ನೆಲೆ ಮಾತ್ರ. ಭೀಮಸಮುದ್ರದವನಿಗೆ ಅವು ತಾನು ಹತ್ತಿದ ಬಂಡೆಗಳು. ಏಳು ಸುತ್ತಿನ ಕೋಟೆಯ ದ್ವಾರಗಳು, ಏಕನಾಥೇಶ್ವರಿಯ ಗುಡಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಅಕ್ಕ–ತಂಗಿಯರ ಹೊಂಡ, ಏರಲು ಎದೆಗಾರಿಕೆ ಬೇಕಾದ ತುಪ್ಪದ ಕೊಳ ಇವು ಅವನ ನೆನಪಿನಲ್ಲಿ ಒಂದಕ್ಕೊಂದು ಕೂಡಿಕೊಂಡಿರುವ ಕ್ರಮವೇ ಬೇರೆ. ಚಲನಚಿತ್ರದ ಸಂಕಲನವು ದೂರದ ಎರಡು ಸ್ಥಳಗಳನ್ನು ಒಂದು ಹೆಜ್ಜೆಯಲ್ಲಿ ಸೇರಿಸಬಲ್ಲದು. ಹೊರಗಿನವನಿಗೆ ಕಾಣದ ಈ ಜೋಡಣೆ ಸ್ಥಳೀಯನ ಕಣ್ಣಿಗೆ ಕೂಡಲೇ ಬೀಳುತ್ತದೆ. ಅಭಿನವಗುಪ್ತನ ಮೊದಲ ವಿಘ್ನ, ಅಂದರೆ ಸಂಭವನೀಯತೆಯ ಕೊರತೆ, ಊರಿನವನನ್ನೇ ಹೆಚ್ಚು ಕಾಡಬೇಕು. ಕಾಡಲಿಲ್ಲವೆಂಬುದಕ್ಕೆ ಚಿತ್ರದ ಬಗ್ಗೆ ದುರ್ಗದವರು ಉಳಿಸಿಕೊಂಡುಬಂದ ಅಭಿಮಾನವೇ ಸಾಕ್ಷಿ. ಗುರುತಿಸುವುದೇ ಒಂದು ಸುಖ. ತಪ್ಪನ್ನು ಗುರುತಿಸುವುದರಲ್ಲಿಯೂ ಆ ಸುಖದ ಪಾಲಿದೆ. ಪಕ್ಕದಲ್ಲಿ ಕುಳಿತವನಿಗೆ ‘ಅಲ್ಲಿಂದ ಇಲ್ಲಿಗೆ ಅಷ್ಟು ಬೇಗ ಬರೋಕೆ ಆಗಲ್ಲ’ ಎಂದು ಹೇಳಬಲ್ಲವನು ಚಿತ್ರದ ಮೇಲೆ ಒಂದು ಬಗೆಯ ಒಡೆತನವನ್ನೇ ಪಡೆಯುತ್ತಾನೆ. ನಿಧಾನಚಲನೆಯಲ್ಲಿ ಚಿತ್ರಿಸಿದ ಪ್ರೇಮಗೀತೆ ಉಳಿದವರಿಗೆ ತಂತ್ರದ ಹೊಸತನವಾಗಿ ಹಿಡಿಸಿತು. ಸ್ಥಳೀಯನಿಗೆ ಅದರಲ್ಲಿ ಇನ್ನೊಂದು ದೊರಕಿತು: ದಿನವೂ ನೋಡಿ ನೋಡದಂತಾಗಿದ್ದ ಬೆಟ್ಟವನ್ನು ಮೊದಲ ಬಾರಿಗೆ ನಿಧಾನವಾಗಿ ನೋಡುವ ಅವಕಾಶ.

ಈ ಚಿತ್ರದಲ್ಲಿ ಅತ್ಯಂತ ಶ್ರೀಮಂತವಾದ, ಆದ್ದರಿಂದ ಹೆಚ್ಚು ಹೊತ್ತು ನಿಂತು ನೋಡಬೇಕಾದ ಭಾಗ ಓಬವ್ವನ ಪ್ರಸಂಗ. ರಾಮಾಚಾರಿಯ ಬಾಳಿನ ಕಥೆಗೆ ಇದು ನೇರ ಸಂಬಂಧವಿಲ್ಲದ ಉಪಕಥೆ. ಚಿ. ಉದಯಶಂಕರ್ ಅವರ ರಚನೆಯನ್ನು ಪಿ.ಬಿ. ಶ್ರೀನಿವಾಸ್ ಹಾಡಿದ್ದಾರೆ, ಓಬವ್ವನಾಗಿ ಜಯಂತಿಯವರು ಕಾಣಿಸಿಕೊಳ್ಳುವುದು ಈ ಒಂದು ಹಾಡಿನ ಅವಧಿಯಷ್ಟೇ. ರಚನೆಯ ಬಿಗಿಯನ್ನು ಬಯಸುವ ವಿಮರ್ಶಕನು ಇದನ್ನು ತೆಗೆದುಹಾಕಬಹುದಿತ್ತೆನ್ನಬಹುದು. ಆದರೆ ಚಿತ್ರದ ಉಳಿದ ಭಾಗವನ್ನು ಮರೆತವರಿಗೂ ನೆನಪಿರುವುದು ಇದೇ.

ಐದನೆಯ ಮದಕರಿನಾಯಕನ ಕಾಲದಲ್ಲಿ (1754–1779) ಹೈದರಾಲಿಯ ಸೇನೆ ಕೋಟೆಗೆ ಮುತ್ತಿಗೆ ಹಾಕಿದಾಗ, ಕಾವಲಿನ ಕಹಳೆಯ ಮುದ್ದಹನುಮ ಊಟಕ್ಕೆ ಹೋಗಿದ್ದ ವೇಳೆಯಲ್ಲಿ ಬಂಡೆಯ ಕಿಂಡಿಯಿಂದ ಒಬ್ಬೊಬ್ಬನಾಗಿ ನುಸುಳುತ್ತಿದ್ದ ಸೈನಿಕರನ್ನು ಅವನ ಹೆಂಡತಿ ಓಬವ್ವ ಒನಕೆಯಿಂದ ಬಡಿದಳೆಂಬುದು ಪರಂಪರೆಯ ಕಥನ. 1779ರಲ್ಲಿ ಕೋಟೆ ಹೈದರನ ವಶವಾಯಿತು. ಓಬವ್ವನ ಗೆಲುವು ಒಂದು ಹೊತ್ತಿನ ಗೆಲುವಾಗಿಯೇ ಉಳಿಯಿತು. ಅರಮನೆಯ ದಾಖಲೆಗಳಿಗಿಂತ ಹೆಚ್ಚಾಗಿ ಜನರ ನಾಲಗೆಯ ಮೇಲೆ ಬದುಕಿಬಂದ ಈ ಕಥೆ ದುರ್ಗದವರಿಗೆ ಹೊಸದೇನೂ ಆಗಿರಲಿಲ್ಲ. ಆದರೆ ಕೇಳುತ್ತಿದ್ದುದನ್ನು ಕಾಣುವಂತಾದದ್ದು ‘ನಾಗರಹಾವು’ ಚಿತ್ರದಲ್ಲಿ. ಅದೂ ಕಥೆಯಲ್ಲಿ ಹೇಳುವ ಕಿಂಡಿಯ ನೆಲೆಯಲ್ಲಿಯೇ.

ಈ ಒಂದು ಹಾಡು ಎಷ್ಟು ಬಗೆಯ ಪ್ರೇಕ್ಷಕರನ್ನು ಎಷ್ಟು ಬಗೆಯಲ್ಲಿ ಮುಟ್ಟಿತೆಂಬುದನ್ನು ವಿಚಾರಿಸಬೇಕು. 1972ರ ಜುಲೈನಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವ ನಿರ್ಣಯ ವಿಧಾನಮಂಡಲದಲ್ಲಿ ಅಂಗೀಕಾರವಾಗಿತ್ತು. 1973ರ ನವೆಂಬರ್ 1ರಂದು ಅದು ಜಾರಿಗೆ ಬಂದಿತು. ಚಿತ್ರ ಬಿಡುಗಡೆಯಾದದ್ದು ಈ ಎರಡರ ನಡುವೆ. ಆ ಕಾಲದ ಪ್ರೇಕ್ಷಕನಿಗೆ ಓಬವ್ವ ಕನ್ನಡನಾಡಿನ ವೀರವನಿತೆಯಾಗಿ ಕಂಡದ್ದು ಸ್ವಾಭಾವಿಕ. ಹೆಣ್ಣುಮಕ್ಕಳಿಗೆ ಕಂಡದ್ದು ಇನ್ನೊಂದು. ಪುರಾಣದ ದೇವಿಯಲ್ಲ, ಪಟ್ಟದ ರಾಣಿಯಲ್ಲ. ನೀರಿಗೆ ಬಂದ ಹೆಂಗಸು, ಕೈಗೆ ಸಿಕ್ಕ ಒನಕೆ. ಅಡುಗೆಮನೆಯ ಸಲಕರಣೆಯೊಂದು ಆಯುಧವಾಗುವ ಆ ಗಳಿಗೆಯ ಅರ್ಥವನ್ನು ದಿನವೂ ಒನಕೆ ಹಿಡಿದವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸ್ತ್ರೀಯರಿಗೆ ಹಾಸ್ಯ–ವೇಷಗಳನ್ನು ಮೀಸಲಿಟ್ಟ ನಾಟ್ಯಶಾಸ್ತ್ರದ ಮಾತು ಇಲ್ಲಿ ನಿಲ್ಲುವುದಿಲ್ಲ. ಮೂರನೆಯ ಬಗೆಯ ಪ್ರೇಕ್ಷಕರ ಸಂತೋಷವನ್ನು ಚಿತ್ರವಿಮರ್ಶೆ ಬಹುಕಾಲ ಗಮನಿಸಲೇ ಇಲ್ಲ. ಓಬವ್ವ ಛಲವಾದಿ ಸಮುದಾಯದವಳೆಂದು ಪರಂಪರೆ ಹೇಳುತ್ತದೆ. ತೆರೆಯ ಮೇಲೆ ಅಲ್ಲಿಯವರೆಗೆ ಆಳಾಗಿ, ಅನುಕಂಪದ ಪಾತ್ರವಾಗಿ ಮಾತ್ರ ತಮ್ಮವರನ್ನು ಕಂಡಿದ್ದ ಜನ, ಕೋಟೆಯನ್ನು ಉಳಿಸಿದ ಕೈ ತಮ್ಮದೆಂದು ಆ ಹಾಡಿನಲ್ಲಿ ಗುರುತಿಸಿಕೊಂಡರು. ಹಾಡು ಅವಳನ್ನು ನಾಡಿನ ಹೆಸರಿನಿಂದ ಕೊಂಡಾಡಿತು. ಅವಳ ಕೇರಿಯ ಮಾತು ಅದರ ಮುನ್ನೆಲೆಗೆ ಬರಲಿಲ್ಲ. ಆ ಭಾಗವನ್ನು ಪ್ರೇಕ್ಷಕರೇ ತಮ್ಮ ನೆನಪಿನಿಂದ ತುಂಬಿಕೊಂಡರು. ಚಿತ್ರವೊಂದು ಹಲವರಿಗೆ ಹಿಡಿಸುವುದಕ್ಕೆ ಅದು ಹೇಳಿದ ಮಾತು ಎಷ್ಟು ಕಾರಣವೋ ಹೇಳದೆ ಬಿಟ್ಟ ಮಾತೂ ಅಷ್ಟೇ ಕಾರಣವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕನ್ನಡದಲ್ಲಿ ಅಪರೂಪ. ರಾಜ್ಯ ಸರ್ಕಾರವು 2021ರಲ್ಲಿ ನವೆಂಬರ್ 11ನ್ನು ಒನಕೆ ಓಬವ್ವ ಜಯಂತಿಯಾಗಿ ಆಚರಿಸಲು ನಿರ್ಧರಿಸಿತು. ಅದರ ಹಿಂದೆ ಹಲವು ಕಾರಣಗಳು, ಹಲವರ ಒತ್ತಾಯಗಳು ಇದ್ದಿರಬೇಕು. ಆದರೆ ದುರ್ಗದಾಚೆಯ ಕನ್ನಡಿಗರಲ್ಲಿ ಆ ಹೆಸರನ್ನು ಮನೆಮಾತಾಗಿಸಿದ್ದು ಈ ಹಾಡೆಂಬುದರಲ್ಲಿ ಸಂಶಯವಿಲ್ಲ.

ಮುಖ್ಯ ಕಥೆಯ ವಿಷಯದಲ್ಲಿ ಪ್ರೇಕ್ಷಕರ ಭಿನ್ನತೆ ಇಷ್ಟು ಸೌಮ್ಯವಾಗಿಲ್ಲ. ಚಾಮಯ್ಯ ಮೇಷ್ಟರು ಮಕ್ಕಳಿಲ್ಲದ ಗುರು. ರಾಮಾಚಾರಿಯನ್ನು ಮಗನಂತೆ ಕಂಡವರು. ಅವರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅಲಮೇಲುವಿನ ಬಾಳು ಹಾಳಾಗುತ್ತದೆ. ಮುಂದೆ ಮಾರ್ಗರೆಟ್‌ಳ ಪ್ರೀತಿಗೂ ಗುರುವಿನ ವಿರೋಧ ಎದುರಾದಾಗ ಗುರು ಬೆಟ್ಟದಿಂದ ಬಿದ್ದು ಸಾಯುತ್ತಾರೆ, ಪ್ರೇಮಿಗಳೂ ಧುಮುಕುತ್ತಾರೆ. ಹಿರಿಯ ತಲೆಮಾರಿನವರಿಗೆ, ವಿಶೇಷವಾಗಿ ಅಧ್ಯಾಪಕ ವರ್ಗಕ್ಕೆ, ಇದು ಗುರುಶಿಷ್ಯ ಸಂಬಂಧದ ಕಥೆ; ಅಶ್ವಥ್ ಅವರ ಅಭಿನಯ ಅವರ ಪಾಲಿಗೆ ಚಿತ್ರದ ಪ್ರಾಣ. ತರುಣರಿಗೆ ಇದು ಒಳ್ಳೆಯತನವೇ ಮಾಡಿದ ಅನ್ಯಾಯದ ಕಥೆ. ಇಬ್ಬರೂ ಅತ್ತರು, ಒಬ್ಬರು ಮೇಷ್ಟರಿಗಾಗಿ, ಇನ್ನೊಬ್ಬರು ಮೇಷ್ಟರ ಮಾತಿನಿಂದ ಕೆಟ್ಟವರಿಗಾಗಿ. ಜಾತಿಮತಗಳ ಗಡಿ ದಾಟುವ ಪ್ರೇಮವನ್ನು ಚಿತ್ರ ಸಮರ್ಥಿಸುತ್ತದೆಯೇ ಎಂಬ ಪ್ರಶ್ನೆಗೆ ಅದು ನೇರ ಉತ್ತರ ಕೊಡುವುದಿಲ್ಲ. ಇದನ್ನು ದೌರ್ಬಲ್ಯವೆಂದು ಕರೆಯಬಹುದು. ಆದರೆ ಮನೆಯ ಹಿರಿಯರೂ ಕಾಲೇಜಿಗೆ ಹೋಗುವ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ನೋಡುತ್ತಿದ್ದ ಕಾಲದಲ್ಲಿ ಇಬ್ಬರನ್ನೂ ಕೊನೆಯವರೆಗೆ ಕೂರಿಸಿದ್ದು ಈ ಅನಿರ್ಣಯವೇ.

ಜಲೀಲನ ಪಾತ್ರ ಇನ್ನೂ ತೊಡಕಿನದು. ಅಲಮೇಲುವನ್ನು ದಾರಿಯಲ್ಲಿ ಕಾಡುವ ಈ ಪುಂಡನ ಮಾತುಗಳಿಗೆ ಚಿತ್ರಮಂದಿರಗಳಲ್ಲಿ ಶಿಳ್ಳೆ, ಚಪ್ಪಾಳೆ ಬಿದ್ದವು. ಕೆಲವೇ ದೃಶ್ಯಗಳಲ್ಲಿ ಬರುವ ಆ ನಟ ಮುಂದೆ ಜನಪ್ರಿಯ ನಾಯಕನಾದ. ನಾಟ್ಯಶಾಸ್ತ್ರವು ನಗು, ಉದ್ಗಾರ, ರೋಮಾಂಚ, ಎದ್ದು ನಿಲ್ಲುವುದು, ಉಂಗುರ–ವಸ್ತ್ರಗಳನ್ನು ಎಸೆಯುವುದು ಇವನ್ನೆಲ್ಲ ಮಾನುಷಿ ಸಿದ್ಧಿಯ ಲಕ್ಷಣಗಳೆನ್ನುತ್ತದೆ. ತುಂಬಿದ ಸಭೆ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಕುಳಿತಿದ್ದರೆ ಅದನ್ನು ದೈವೀ ಸಿದ್ಧಿಯೆನ್ನುತ್ತದೆ. ಜಲೀಲನಿಗೆ ದೊರೆತದ್ದು ಮೊದಲನೆಯದು. ಆದರೆ ಆ ಶಿಳ್ಳೆಗಳ ನಡುವೆ ಮೌನವಾಗಿ ಕುಳಿತವರ ಮೌನವೆಲ್ಲ ದೈವೀ ಸಿದ್ಧಿಯೆಂದು ತಿಳಿಯಲಾಗದು. ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ದುರ್ಗದ ಶಾಲೆ–ಕಾಲೇಜುಗಳಿಗೆ ಆಗತಾನೆ ಹೋಗತೊಡಗಿದ್ದ ಹುಡುಗಿಯರಿಗೆ ಅಂಥ ದೃಶ್ಯ ತೆರೆಯ ಮೇಲಿನ ರಂಜನೆಯಾಗಿ ಮಾತ್ರ ಕಂಡಿರಲಾರದು. ಒಬ್ಬರ ರಂಜನೆ ಮತ್ತೊಬ್ಬರ ನಿತ್ಯದ ಅಂಜಿಕೆಯಾಗಿರುವಲ್ಲಿ ‘ಪ್ರೇಕ್ಷಕರು ಮೆಚ್ಚಿದರು’ ಎಂಬ ಬಹುವಚನ ಬಹಳಷ್ಟನ್ನು ಮುಚ್ಚಿಡುತ್ತದೆ.

ಸ್ಥಳದ ನೆನಪಿಗೂ ರಸಕ್ಕೂ ಇರುವ ಸಂಬಂಧವನ್ನು ವಿರುದ್ಧ ದಿಕ್ಕಿನಿಂದಲೂ ಪರೀಕ್ಷಿಸಬಹುದು. ‘ನಾಗರಹಾವು’ ಕಥೆಯನ್ನು 1974ರಲ್ಲಿ ಪುಟ್ಟಣ್ಣನವರೇ ‘ಜಹರೀಲಾ ಇನ್ಸಾನ್’ ಎಂದು ರಿಷಿ ಕಪೂರ್ ನಾಯಕತ್ವದಲ್ಲಿ ಹಿಂದಿಯಲ್ಲಿ ನಿರ್ದೇಶಿಸಿದರು. ಅದೇ ವರ್ಷ ತೆಲುಗಿನಲ್ಲಿ ‘ಕೋಡೆನಾಗು’, ತಮಿಳಿನಲ್ಲಿ ‘ರಾಜನಾಗಂ’ ಬಂದವು. ಹಿಂದಿಯ ಚಿತ್ರದ ಹಾಡು ಉಳಿಯಿತು, ಚಿತ್ರ ಉಳಿಯಲಿಲ್ಲ. ಅದೇ ನಿರ್ದೇಶಕ, ಅದೇ ಕಥೆ; ಪ್ರೇಕ್ಷಕ ಮಾತ್ರ ಬೇರೆ. ಸೋಲಿಗೆ ವ್ಯಾಪಾರದ ಕಾರಣಗಳೂ ಇರಬಹುದು. ಆದರೆ ದುರ್ಗವೆಂದರೇನು, ಅಲ್ಲಿಯ ಹುಡುಗನ ಹಟವೆಂದರೇನು ಎಂಬುದು ಮೊದಲೇ ಮನಸ್ಸಿನಲ್ಲಿರದ ಪ್ರೇಕ್ಷಕನಿಗೆ ರಾಮಾಚಾರಿಯ ಕೋಪ ಕಾರಣವಿಲ್ಲದ ಕೋಪವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅಲಂಕಾರಿಕರು ವಾಸನೆಯೆಂದು ಕರೆಯುವ ಪೂರ್ವಸಂಸ್ಕಾರ ಇಲ್ಲಿ ರತಿ–ಶೋಕಗಳಂಥ ಸಾಮಾನ್ಯ ಭಾವಗಳದ್ದಷ್ಟೇ ಅಲ್ಲ, ಒಂದು ನೆಲದ್ದೂ ಹೌದು.

ಹಾಗೆಂದು ನೆಲವನ್ನು ಬಿಟ್ಟ ಕಥೆ ಎಲ್ಲೆಡೆ ಸೋಲುತ್ತದೆಂದು ನಿಯಮ ಮಾಡಲೂ ಬರುವುದಿಲ್ಲ. ತ.ರಾ.ಸು. ಅವರದೇ ‘ಹಂಸಗೀತೆ’ ಇದಕ್ಕೆ ಅಡ್ಡಬರುತ್ತದೆ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬದುಕನ್ನು ಕುರಿತ ಈ ಕಾದಂಬರಿಯನ್ನು ಆಧರಿಸಿ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಿತು. ದುರ್ಗ ಮಾಯವಾಯಿತು, ಕರ್ನಾಟಕ ಸಂಗೀತದ ಜಾಗಕ್ಕೆ ಹಿಂದೂಸ್ತಾನಿ ಬಂದಿತು. ಭೀಮಸೇನ ಜೋಶಿಯವರೂ ಮನ್ನಾಡೇ ಅವರೂ ಜೊತೆಗೂಡಿ ಹಾಡಿದ ಗೀತೆ ಅದರಲ್ಲಿಯದು. ಚಿತ್ರ ಉಳಿಯಿತು. 1975ರಲ್ಲಿ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಅನಂತನಾಗ್ ಅವರನ್ನಿರಿಸಿಕೊಂಡು ಕನ್ನಡದಲ್ಲಿ ತೆಗೆದರು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಎಂ. ಬಾಲಮುರಳಿಕೃಷ್ಣ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂದವು. ‘ನಾಗರಹಾವು’ ಬಂದು ಮೂರು ವರ್ಷವೂ ತುಂಬಿರದ ಕಾಲವದು. ಲೇಖಕ ಒಬ್ಬನೇ, ಕಥೆಯ ಊರೂ ಅದೇ. ಆದರೆ ಒಂದಕ್ಕೆ ಬಂದ ಜನಸಮೂಹ ಇನ್ನೊಂದಕ್ಕೆ ಬರಲಿಲ್ಲ. ಇನ್ನೊಂದನ್ನು ಮೆಚ್ಚಿದವರಲ್ಲಿ ಅನೇಕರು ಮೊದಲನೆಯದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ‘ಹಂಸಗೀತೆ’ ಬೇಡಿದ್ದು ಕಿವಿಯ ಸಂಸ್ಕಾರವನ್ನು. ಅದು ಹಳ್ಳಿಯವನಲ್ಲಿಲ್ಲವೆಂದು ಪಟ್ಟಣದ ವಿಮರ್ಶೆ ತೀರ್ಮಾನಿಸಿದ್ದು ಮಾತ್ರ ಆತುರದ ತೀರ್ಮಾನ. ಇದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶಿವಕುಮಾರ ಕಲಾಸಂಘದ ಬಯಲು ರಂಗಮಂದಿರಕ್ಕೆ ಸುತ್ತಲ ಹಳ್ಳಿಗಳ ರೈತರು ಬಂದು ಆಧುನಿಕ ನಾಟಕಗಳನ್ನು ನೋಡುವುದನ್ನು ಕಂಡವರು ಹಾಗೆ ಹೇಳಲಾರರು. ಓದದೆಯೂ ಕಾವ್ಯವನ್ನು ಅರಿಯಬಲ್ಲ ಜನರನ್ನು ಕವಿರಾಜಮಾರ್ಗಕಾರ ಎಂದೋ ಕೊಂಡಾಡಿದ್ದಾನೆ. ಸಂಸ್ಕಾರವಿದ್ದರೂ ಅದನ್ನು ತಲುಪುವ ದಾರಿ ಇರಬೇಕಷ್ಟೆ. ‘ಹಂಸಗೀತೆ’ಯಂಥ ಚಿತ್ರಗಳ ಪ್ರತಿಗಳಿಗೆ ಡೇರೆಯ ದಾರಿ ಅಷ್ಟು ಸುಲಭವಾಗಿರಲಿಲ್ಲ.

ಡೇರೆಗಳ ಕಾಲ ಮುಗಿದು ದಶಕಗಳಾದ ಮೇಲೆ, 2018ರ ಜುಲೈನಲ್ಲಿ, ‘ನಾಗರಹಾವು’ ಡಿಜಿಟಲ್ ತಂತ್ರಜ್ಞಾನದಲ್ಲಿ ಸಂಸ್ಕರಣಗೊಂಡು ಮತ್ತೆ ತೆರೆಕಂಡಿತು. ವಿಷ್ಣುವರ್ಧನ್ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ಅಂಬರೀಷ್ ಆ ವರ್ಷದ ನವೆಂಬರ್‌ನಲ್ಲಿ ತೀರಿಕೊಳ್ಳಲಿದ್ದರು. ಮರುಬಿಡುಗಡೆಗೆ ಬಂದವರಲ್ಲಿ ಕಥೆ ಗೊತ್ತಿಲ್ಲದವರು ಇದ್ದಿರಲಾರರು; ದೂರದರ್ಶನ, ಮೊಬೈಲುಗಳಲ್ಲಿ ಅದು ಎಷ್ಟೋ ಬಾರಿ ಕಂಡಿತ್ತು. ಆದರೂ ಟಿಕೆಟ್ ಕೊಂಡು ಬಂದವರ ಎದುರಿಗೆ ತೆರೆಯ ಮೇಲಿದ್ದುದು ರಾಮಾಚಾರಿ ಮಾತ್ರವಲ್ಲ, ಅವನನ್ನು ಮೊದಲು ನೋಡಿದ ತಮ್ಮ ವಯಸ್ಸು ಕೂಡ. ಇದು 1972ರ ಪ್ರೇಕ್ಷಕನಿಗೆ ಸಾಧ್ಯವೇ ಇಲ್ಲದಿದ್ದ ರಸ. ಮೊಬೈಲಿನಲ್ಲಿ ಒಬ್ಬನೇ ನೋಡುವವನಿಗೆ ಪಕ್ಕದವನ ಶಿಳ್ಳೆಯಿಲ್ಲ, ಸುರುಳಿ ಬದಲಾಯಿಸುವ ಬಿಡುವಿನ ಹರಟೆಯಿಲ್ಲ. ಓಬವ್ವನ ಹಾಡನ್ನು ಮಾತ್ರ ಆರಿಸಿಕೊಂಡು ನೋಡುವ ಸ್ವಾತಂತ್ರ್ಯವಿದೆ. ಉಪಕಥೆಯೇ ಪ್ರಧಾನವಾಗುವ ಈ ಬಗೆಯ ನೋಟಕ್ಕೆ ಹಳೆಯ ಮೀಮಾಂಸೆಯಲ್ಲಿ ಹೆಸರಿಲ್ಲ.

ತ.ರಾ.ಸು. ಮತ್ತು ಪುಟ್ಟಣ್ಣನವರ ನಡುವಣ ಭಿನ್ನಾಭಿಪ್ರಾಯ ಅಲ್ಲಿಗೇ ನಿಂತುಹೋಗಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕು. ಪುಟ್ಟಣ್ಣನವರ ಕೊನೆಯ ಚಿತ್ರ ‘ಮಸಣದ ಹೂವು’ ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ್ದು. ಲೇಖಕರು 1984ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಮರುವರ್ಷ, ಮರಣೋತ್ತರವಾಗಿ. ಅದೇ 1985ರ ಜೂನ್‌ನಲ್ಲಿ ಚಿತ್ರ ಪೂರ್ಣಗೊಳ್ಳುವ ಮೊದಲೇ ನಿರ್ದೇಶಕರೂ ತೀರಿಕೊಂಡರು. ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು. ಜನರೆದುರಿಗೆ ಬಂದ ಆ ಚಿತ್ರವನ್ನು ಬರೆದವರೂ ನೋಡಲಿಲ್ಲ, ನಿರ್ದೇಶಿಸಿದವರೂ ನೋಡಲಿಲ್ಲ.